ಯಾರೂ ಇರಲಿಲ್ಲ ಎಂದ ಮಧ್ಯಾಹ್ನ

ಮಾರ್ಚ್ ೯

ಪ್ರೀತಿಯ ಸೂಜಿಗೆ,

ನಿನ್ನ ಪ್ರೆಸ್ಸಿನ ಅಕ್ಕನ ಆಶೀರ್ವಾದಗಳು. ನೀನು, ನಿನ್ನ ಯಜಮಾನರು, ಮಗಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ಬರೆದ ಪತ್ರಕ್ಕೆ ಉತ್ತರ ಬರೆಯದೆ ಎಂಟು ತಿಂಗಳಾಯಿತು. ಸೋಮಾರಿ ಅಂದುಕೋ, ಮರೆಗುಳಿ ಅಂದುಕೋ, ಇನ್ನೂ ದೊಡ್ಡ ಬೈಗುಳ ಗೊತ್ತಿದ್ದರೆ ಅದನ್ನೂ ಬೈದುಕೋ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ‘ನಾವೆಲ್ಲ ಕ್ಷೇಮ’ ಎಂಬಲ್ಲಿಗೆ ಪೆನ್ನು ನಿಂತುಹೋಯಿತು.

ಪ್ರೆಸ್ಸಿನ ಸುದ್ದಿ ಕೇಳಿದ್ದೆಯಲ್ಲ. ಬೈಂಡಿಂಗ್ ಕೋಣೆಯಲ್ಲಿ ನಿನ್ನ ಕಾಲಕ್ಕೆ ಮೂವತ್ತು ಜನ ಹೆಂಗಸರಿದ್ದೆವು, ಈಗ ಹದಿನಾಲ್ಕು. ಮಡಿಸುವುದಕ್ಕೆ ಮಶೀನು ಬಂದಿದೆ, ಅದು ದಿನಕ್ಕೆ ಎರಡು ಸಲ ಮುನಿಸಿಕೊಳ್ಳುತ್ತದೆ, ಆಗ ನಮ್ಮ ಕೈಗಳೇ ಗತಿ. ದಪ್ಪ ಪುಸ್ತಕಗಳನ್ನು ಇವತ್ತಿಗೂ ಕೈಯಲ್ಲೇ ಹೊಲಿಯುತ್ತೇವೆ. ಯಾರಾದರೂ ಚುರುಕಾಗಿ ಹೊಲಿದರೆ ‘ಸೂಜಿ ಥರ ಹೊಲೀತಾಳೆ’ ಅನ್ನುವ ಮಾತು ಹಾಗೇ ಉಳಿದಿದೆ. ಸೂಜಿ ಅಂದರೆ ಒಬ್ಬ ಹೆಂಗಸಿನ ಅಡ್ಡಹೆಸರು ಎಂದು ಅರ್ಧ ಜನಕ್ಕೆ ಗೊತ್ತಿಲ್ಲ. ನನ್ನ ಮಂಡಿ ಮಾತ್ರ ನಿವೃತ್ತಿ ತೆಗೆದುಕೊಂಡಿದೆ, ಉಳಿದ ನಾನು ಇನ್ನೂ ನೌಕರಿಯಲ್ಲಿದ್ದೇನೆ.

ಇಷ್ಟು ಹರಟಿದ್ದು ಮುಂದಿನದನ್ನು ಬರೆಯಲು ಧೈರ್ಯ ಸಾಲದೆ. ನೀನು ಕೂತು ಓದು. ಮಗಳು ಹತ್ತಿರವಿದ್ದರೆ ಆಮೇಲೆ ಓದು.

ಏಳು ತಿಂಗಳ ಹಿಂದೆ ನಮ್ಮಲ್ಲಿಗೆ ಒಬ್ಬ ಹುಡುಗಿ ಬಂದಳು. ಇಪ್ಪತ್ತೆರಡು ವರ್ಷ. ಕೊನೆಗೆ ಬಂದವಳಾದ್ದರಿಂದ ‘ಹೊಸಬಳು’ ಅಂತಲೇ ಕರೆಯುತ್ತೇವೆ. ಹದಿನಾರು ಪುಟ ಅಚ್ಚಾದ ಹಾಳೆ, ನಮ್ಮ ಫಾರಂ, ಅದನ್ನು ಮಡಿಸದೆ ಓದುತ್ತ ಕೂರುವುದು ಅವಳ ರೋಗ. ಹದಿನಾರು ಪುಟ ಮುಗಿದರೆ, ಮುಂದೇನಾಯಿತು ಎಂದು ಪಕ್ಕದವಳ ಫಾರಂಗೆ ಇಣುಕುತ್ತಾಳೆ. ‘ಅಕ್ಕ, ಅವನು ಕೊನೆಗೆ ಅವಳನ್ನ ಮದುವೆ ಆಗ್ತಾನಾ?’ ಅಂತ ಕೆಲಸದ ನಡುವೆ ಕೇಳುತ್ತಾಳೆ. ಬೈಯಬೇಕಾದ ನಾನೇ, ಆ ಫಾರಂ ಯಾರ ಮೇಜಿನ ಮೇಲಿದೆ ಎಂದು ಹುಡುಕಿ ಕೊಟ್ಟಿದ್ದೇನೆ.

ಹೋದ ಶನಿವಾರ ಅರ್ಧ ದಿನ. ಹನ್ನೆರಡೂವರೆಗೆ ಎಲ್ಲರೂ ಹೊರಟೆವು. ಇವಳಿಗೆ ಮಾತ್ರ ಗೋದಾಮಿನಿಂದ ಕರೆ ಬಂದಿತ್ತಂತೆ, ರಟ್ಟಿನ ಬಣ್ಣ ಆರಿಸಿಕೊಂಡು ಹೋಗು ಎಂದು. ಸೋಮವಾರ ಬಂದಳು. ಮಡಿಸಿದ ಫಾರಂಗಳಲ್ಲಿ ಐದನೇ ಪುಟ ಆದ ಮೇಲೆ ಹನ್ನೆರಡು. ನಿಧಾನವಿರಬಹುದು, ಹಿಂದೆಂದೂ ತಪ್ಪು ಮಾಡಿದವಳಲ್ಲ. ಗದರಿದೆ. ಅವಳು ತನ್ನ ಕೈಗಳನ್ನೇ ನೋಡುತ್ತ, ‘ಅಕ್ಕ, ಈ ಕೈ ನಂದಲ್ಲ ಅನ್ನಿಸ್ತಿದೆ’ ಅಂದಳು.

ಬಚ್ಚಲಿನ ಪಕ್ಕದ ಓಣಿಗೆ ಕರೆದುಕೊಂಡು ಹೋದೆ. ನಾಲ್ಕೇ ವಾಕ್ಯದಲ್ಲಿ ಹೇಳಿದಳು. ಹೌದು ಸೂಜಿ. ಅದೇ ಗೋದಾಮು. ಅದೇ ಮನುಷ್ಯ. ಹನ್ನೊಂದು ವರ್ಷದ ಹಿಂದೆ ಯಾರ ಮೇಲೆ ನೀನು ದೂರು ಬರೆದುಕೊಟ್ಟು, ವಾರದೊಳಗೆ ನೀನೇ ವಾಪಸು ಪಡೆದು, ಕೆಲಸ ಬಿಟ್ಟು ಹೋದೆಯೋ, ಅವನೇ. ಈಗ ತಲೆಗೆ ಬಣ್ಣ ಹಚ್ಚುತ್ತಾನೆ.

ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ಕೋಣೆ ದಾಟಿದ ಮೇಲೆ, ಫಲಕವಿಲ್ಲದ ಒಂದು ಚಿಕ್ಕ ಕೋಣೆ. ಇಂಥ ಕಷ್ಟದಲ್ಲಿ ಬಂದವರ ಜೊತೆ ಮಾತಾಡುವುದಕ್ಕೇ ಅಲ್ಲೊಬ್ಬ ಹೆಂಗಸು ಇದ್ದಾಳೆ. ಸಮಾಲೋಚಕಿ ಅನ್ನುತ್ತಾರೆ. ನಲವತ್ತರ ಆಸುಪಾಸು, ಚಪ್ಪಲಿಯ ಜೊತೆಗೂ ಕಾಲುಚೀಲ ಹಾಕುವ ಜಾತಿ. ಮೊದಲು ನೀರು ಕೊಟ್ಟಳು. ಆಮೇಲೆ ನನ್ನನ್ನು ತೋರಿಸಿ ಹುಡುಗಿಯನ್ನೇ ಕೇಳಿದಳು, ‘ಇವರು ಒಳಗಿರ್ಬೇಕಾ, ಹೊರಗಿರ್ಬೇಕಾ? ನಿಮಗೆ ಹೇಗೆ ಸರಿಯೋ ಹಾಗೆ.’ ಹುಡುಗಿ ನನ್ನ ಸೆರಗು ಹಿಡಿದುಕೊಂಡಳು.

ಸಮಾಲೋಚಕಿ ಅವಸರವಿಲ್ಲದೆ ಹೇಳಿದಳು. ‘ಮೊದಲು ಚಿಕಿತ್ಸೆ. ಅದಕ್ಕೂ ದೂರಿಗೂ ಸಂಬಂಧ ಇಲ್ಲ. ನೀವು ಒಪ್ಪಿದ್ರೆ ಡಾಕ್ಟರು ಪುರಾವೆ ತೆಗೀತಾರೆ. ನಡುವೆ ಸಾಕು ಅನ್ನಿಸಿದ್ರೆ ಸಾಕು ಅನ್ನಿ, ನಿಲ್ಲಿಸ್ತಾರೆ. ಅದನ್ನ ಪೆಟ್ಟಿಗೇಲಿ ಹಾಕಿ, ಮುದ್ರೆ ಒತ್ತಿ, ಆರು ವಾರ ಇಲ್ಲೇ ಇಟ್ಟಿರ್ತೀವಿ. ನಿಮ್ಮ ಸಹಿ ಇಲ್ಲದೆ ಪೊಲೀಸರಿಗೆ ಹೋಗಲ್ಲ. ಇವತ್ತು ನೀವು ಏನೂ ನಿರ್ಧಾರ ಮಾಡ್ಬೇಕಾಗಿಲ್ಲ.’

ಹುಡುಗಿ ನೀರಿನ ಲೋಟ ಕೆಳಗಿಟ್ಟು ಕೇಳಿದಳು. ‘ದೂರು ಕೊಡದೇ ಇದ್ರೆ ನೀವು ನನ್ನ ಬಗ್ಗೆ ಏನಂದ್ಕೋತೀರಾ?’

‘ಬೆಳಗಿಂದ ಏನಾದ್ರೂ ತಿಂದಿದಾಳಾ ಇಲ್ವಾ ಅಂದ್ಕೋತೀನಿ’ ಅಂದಳು ಆ ಹೆಂಗಸು.

ಪುರಾವೆ ತೆಗೆಸಿಕೊಂಡಳು. ಎರಡು ಸಲ ಸಾಕು ಅಂದಳು, ಎರಡು ಸಲವೂ ಡಾಕ್ಟರಮ್ಮ ಕೈಗವಸು ಬಿಚ್ಚಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ಮೂರನೇ ಸಲ ಅವಳೇ, ‘ಮುಗಿಸಿಬಿಡಿ’ ಅಂದಳು. ಏಪ್ರಿಲ್ ಹದಿನೇಳರವರೆಗೆ ಪೆಟ್ಟಿಗೆ ಅಲ್ಲಿರುತ್ತದೆ.

ನಿನಗೆ ಇದನ್ನು ಬರೆಯಬಾರದಿತ್ತೇನೋ. ಆದರೆ ನಿನಗಲ್ಲದೆ ಯಾರಿಗೆ ಬರೆಯಲಿ? ಮಗಳಿಗೆ ನನ್ನ ಮುತ್ತು.

ನಿನ್ನ
ಅಕ್ಕ


ಮಾರ್ಚ್ ೨೪

ಪ್ರೀತಿಯ ಸೂಜಿಗೆ,

ಆಶೀರ್ವಾದಗಳು. ನಿನ್ನ ಕಾರ್ಡು ತಲುಪಿತು. ಒಂದೇ ಸಾಲು ಬರೆದಿದ್ದೀಯ. ‘ಅಕ್ಕ, ಅವತ್ತು ನೀವೊಬ್ಬರೇ ನನ್ನ ಜೊತೆ ನಿಂತಿರಿ, ಹಾಗೇ ಅವಳ ಜೊತೆಗೂ ನಿಲ್ಲಿ.’ ಅದನ್ನು ಓದಿ ನಾನು ಕಾರ್ಡನ್ನು ಬೋರಲು ಹಾಕಿಟ್ಟೆ. ಉತ್ತರ ತಡವಾದದ್ದು ಅದಕ್ಕೇ. ಕ್ಷಮಿಸು.

ನೀನು ಹೇಳಿದ ಹಾಗೆ ನಿಂತೆನೇ? ನಿಲ್ಲುವುದೆಂದರೆ ಏನು ಎಂದು ಈ ಹದಿನೈದು ದಿನದಲ್ಲಿ ನನಗೆ ಮರೆತೇಹೋಯಿತು.

ಹುಡುಗಿ ಕೆಲಸಕ್ಕೆ ಬರುತ್ತಿಲ್ಲ. ಅವಳೂ ಅವಳ ತಾಯಿಯೂ ಒಂದು ಮಹಡಿ ಮನೆಯ ಹಿಂಭಾಗದ ಎರಡು ಕೋಣೆಯಲ್ಲಿದ್ದಾರೆ. ತಾಯಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಬಲಗೈ ಎಡಗೈಗಿಂತ ದಪ್ಪ. ಮೊದಲ ಸಲ ಹೋದಾಗ ಆಕೆ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ‘ನೀವು ಹೇಳಿದ್ರೆ ಕೇಳ್ತಾಳೆ. ಸುಮ್ನಿರು ಅಂತ ಹೇಳಿ’ ಅಂದಳು.

ನಾನು ಕೆಂಡವಾದೆ. ‘ನಿಮ್ಮ ಮಗಳಿಗೆ ಹೀಗಾದ ಮೇಲೂ ತಡೀತೀರಲ್ಲ!’ ಅಂದೆ.

ಆಕೆ ದನಿ ಎತ್ತಲಿಲ್ಲ. ‘ನಾನು ತಡೀತಿಲ್ಲಮ್ಮ. ಹೆದರ್ತಿದೀನಿ. ಹೊರಗಿನಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ.’

ಆ ಮಾತಿಗೆ ಸುಮ್ಮನಾಗಬೇಕಿತ್ತು. ನಾನೆಲ್ಲಿ ಸುಮ್ಮನಾದೆ? ವಾರದಲ್ಲಿ ನಾಲ್ಕು ಸಲ ಹೋದೆ. ಹೋದಾಗಲೆಲ್ಲ ಒಂದೇ ಮಾತು, ದೂರು, ದೂರು. ‘ಇವತ್ತು ನೀನು ಬಿಟ್ರೆ ನಾಳೆ ಇನ್ನೊಬ್ಬಳು’ ಅಂದೆ. ‘ಪೆಟ್ಟಿಗೆ ಆರೇ ವಾರ ಇರೋದು’ ಅಂದೆ. ಸೂಜಿ, ಕೇಳಿದರೆ ಛೀ ಅನ್ನುತ್ತೀಯ, ದೂರಿನ ಕರಡನ್ನು ನಾನೇ ಬರೆದುಕೊಂಡು ಹೋಗಿದ್ದೆ. ನನ್ನ ಅಕ್ಷರದಲ್ಲಿ ಅವಳ ಮೈಮೇಲೆ ಆದದ್ದು. ಸಹಿ ಮಾಡುವ ಜಾಗಕ್ಕೆ ಗೆರೆ ಕೂಡ ಎಳೆದಿದ್ದೆ. ಅವಳು ಮೊದಲ ಎರಡು ಸಾಲು ಓದಿ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ವಾಂತಿ ಮಾಡುವ ಸದ್ದು ಕೇಳಿಸಿತು. ತಾಯಿ ಬಾಗಿಲಿಗೆ ಕೆನ್ನೆಯಿಟ್ಟು, ‘ಕಂದಾ, ಅವರು ಹೋಗ್ತಾರೆ, ಈಗ್ಲೇ ಹೋಗ್ತಾರೆ’ ಅನ್ನುತ್ತಿದ್ದಳು. ಅವರು ಅಂದರೆ ಗೋದಾಮಿನವನಲ್ಲ. ನಾನು.

ಮರುದಿನ ಸಮಾಲೋಚಕಿ ಬರಹೇಳಿದಳು. ಹೋದೆ. ಬಾಗಿಲು ಹಾಕಿ, ಎದುರು ಕೂತು, ‘ಈ ದೂರು ಯಾರಿಗೆ ಬೇಕಾಗಿದೆ ಅಮ್ಮ? ಅವಳಿಗಾ, ನಿಮಗಾ?’ ಅಂದಳು.

ನನಗೆ ಸಿಟ್ಟು ಬಂತು. ‘ಬೇರೆ ಹುಡುಗೀರನ್ನಾದ್ರೂ ಉಳಿಸ್ಬೇಕಲ್ಲ?’ ಅಂದೆ.

‘ಉಳಿಸ್ಬೇಕು. ಅದು ನಿಮ್ಮ ಪ್ರೆಸ್ಸಿನ ಕೆಲಸ, ನಿಮ್ಮ ಕೆಲಸ, ನಂದೂ ಹೌದು. ಪೆಟ್ಟು ತಿಂದವಳ ತಲೆ ಮೇಲೇ ಆ ಮೂಟೆನೂ ಹೊರಿಸ್ತೀರಾ?’ ಅಂದಳು. ಆಮೇಲೆ ಮೆತ್ತಗೆ, ‘ಅವನು ಅವಳ ಮಾತು ಕೇಳ್ಲಿಲ್ಲ. ಬೇಡ ಅಂದದ್ದು ಅವನ ಕಿವಿಗೆ ಬೀಳ್ಲೇ ಇಲ್ಲ. ಈಗ ನಾವು ಅವಳ ಒಳ್ಳೇದಕ್ಕೇ ಅಂದ್ಕೊಂಡು ಅವಳ ಬಾಯಿಂದ ಹೌದು ಅನ್ನಿಸಿದ್ರೆ, ಅವಳಿಗೆ ಎರಡಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗ್ಬೇಕು?’

ಹಾಗಾದರೆ ನಾನೇನು ಮಾಡಲಿ ಎಂದು ಕೇಳಿದೆ. ‘ತರಕಾರಿ ತರೋಕೆ ಅವಳ ಜೊತೆ ಹೋಗಿ. ಕೇಳಿದ್ದಕ್ಕೆ ನಿಜವಾದ ಉತ್ತರ ಕೊಡಿ. ಕೇಳದೇ ಇದ್ದದ್ದು ಹೇಳ್ಬೇಡಿ’ ಅಂದಳು. ಮೂವತ್ತು ಜನರ ಮೇಲೆ ಮೇಲ್ವಿಚಾರಣೆ ಮಾಡಿದ ನನಗೆ ಇದೇ ಅತಿ ಕಷ್ಟದ ಕೆಲಸ ಎಂದು ಅವಳಿಗೇನು ಗೊತ್ತು!

ಕರಡನ್ನು ಹರಿದುಹಾಕಿದೆ. ಮರುದಿನದಿಂದ ಪ್ರೆಸ್ಸಿನ ರದ್ದಿ ಫಾರಂಗಳನ್ನು ಒಯ್ದು ಕೊಡುತ್ತೇನೆ. ಒಂದು ಪುಸ್ತಕದ ಮೊದಲು, ಇನ್ನೊಂದರ ಕೊನೆ. ಅವಳು ಹಾಸಿಗೆ ಮೇಲೆ ಹರಡಿಕೊಂಡು ಓದುತ್ತಾಳೆ. ನಿನ್ನೆ ಮೊದಲ ಸಲ, ‘ಅಕ್ಕ, ಈ ಕಳ್ಳನ್ನ ಆ ಪುಸ್ತಕದ ಪೊಲೀಸು ಹಿಡ್ಕೊಂಡ್ಬಿಟ್ರೆ ಚೆನ್ನಾಗಿರುತ್ತಲ್ಲ’ ಅಂದಳು. ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ, ನಾನು ಮುಖ ನೋಡಲಿಲ್ಲ.

ಗೋದಾಮಿನವನು ಮೊನ್ನೆ ನಮ್ಮ ಕೋಣೆಗೆ ಬಂದಿದ್ದ. ‘ಆ ಹುಡುಗಿಗೆ ಹುಷಾರಿಲ್ವಂತಲ್ಲ, ಬಿಸಿಲು ಜಾಸ್ತಿ ಈ ವರ್ಷ’ ಅಂದ. ಹೇಳಿ ನನ್ನ ಕಡೆ ನೋಡಿ ಮುಗುಳ್ನಕ್ಕ, ಹಳೆಯ ಸ್ನೇಹಿತರನ್ನು ನೋಡಿ ನಗುತ್ತಾರಲ್ಲ ಹಾಗೆ. ಹೊಲಿಯುತ್ತಿದ್ದ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡೆ. ಮೂರು ಪುಟ ರಕ್ತವಾಯಿತು, ತೆಗೆದುಹಾಕಬೇಕಾಯಿತು.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ನೀನು ಚೆನ್ನಾಗಿರು, ಸೂಜಿ.

ನಿನ್ನ
ಅಕ್ಕ


ಏಪ್ರಿಲ್ ೧೩

ಪ್ರೀತಿಯ ಸೂಜಿಗೆ,

ಆಶೀರ್ವಾದಗಳು. ಮಗಳಿಗೆ ಕೆಮ್ಮು ಎಂದು ಬರೆದಿದ್ದೆಯಲ್ಲ, ಈಗ ಹೇಗಿದ್ದಾಳೆ? ಬಿಸಿನೀರೇ ಕುಡಿಸು, ಹಟ ಮಾಡಿದರೂ ಬಿಡಬೇಡ. ನಿನ್ನ ಎರಡನೇ ಪತ್ರಕ್ಕೂ ತಡವಾಗಿ ಬರೆಯುತ್ತಿದ್ದೇನೆ. ಈ ಸಲ ನೆಪ ಹೇಳುವ ಶಕ್ತಿಯೂ ಇಲ್ಲ.

ಹುಡುಗಿ ನಿರ್ಧಾರ ಮಾಡಿದಳು. ದೂರು ಕೊಡುವುದಿಲ್ಲವಂತೆ.

ನಿನ್ನೆ ಸಂಜೆ ಮಾರುಕಟ್ಟೆಯಿಂದ ಬಂದು, ಇಬ್ಬರೂ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆವು. ತಾಯಿ ಇನ್ನೂ ಲಾಂಡ್ರಿಯಿಂದ ಬಂದಿರಲಿಲ್ಲ. ಅವಳೇ ಶುರುಮಾಡಿದಳು. ‘ಅಕ್ಕ, ನಾನು ಆ ಮೇಡಂಗೆ ಹೇಳ್ಬಿಟ್ಟೆ, ಪೆಟ್ಟಿಗೆ ಬೇಡ ಅಂತ. ಹದಿನೇಳಕ್ಕೆ ಅವರೇ ನಾಶ ಮಾಡ್ತಾರಂತೆ.’

ಕೇಳದೆ ಇದ್ದದ್ದು ಹೇಳಬಾರದು. ‘ಆಯ್ತು ಕಣೆ’ ಅಂದೆ. ‘ನೀನು ಯಾವುದು ಮಾಡಿದ್ರೂ ನಾನು ನಿನ್ನ ಕಡೆ’ ಅಂದೆ.

‘ಬೇಜಾರಾಯ್ತಾ?’

‘ನನ್ನ ಬೇಜಾರು ಕಟ್ಟಿಕೊಂಡು ನಿನಗೇನಾಗ್ಬೇಕು. ಸೊಪ್ಪು ಬಿಡಿಸು.’

ಒಂದು ಕಟ್ಟು ಮುಗಿಸಿ ಅವಳೇ ಹೇಳಿದಳು. ಅಮ್ಮನಿಗೆ ಹೆದರಿ ಅಲ್ಲವಂತೆ. ಜನ ಆಡಿಕೊಳ್ಳುತ್ತಾರೆ ಅಂತಲೂ ಅಲ್ಲವಂತೆ. ‘ಮೊದಲು ಒಬ್ಬರಿದ್ರಂತಲ್ಲ ನಮ್ಮ ಕೋಣೇಲಿ, ಸೂಜಿ ಅಂತ. ನಾನು ಸೇರಿದ ವಾರವೇ ಯಾರೋ ಹೇಳಿದ್ರು. ಅವರೂ ದೂರು ಕೊಟ್ಟಿದ್ರಂತೆ. ಪ್ರೆಸ್ಸಿನ ಮಾಲೀಕರ ಕೋಣೇಲಿ ವಿಚಾರಣೆ ಆಯ್ತಂತೆ. ಒಬ್ಬರೂ ಕಂಡೆ ಅನ್ಲಿಲ್ಲ, ಕೇಳಿದೆ ಅನ್ಲಿಲ್ಲ. ಅವರೇ ಸುಳ್ಳಿ ಅನ್ನಿಸ್ಕೊಂಡು ಹೋದ್ರಂತೆ. ಅಷ್ಟು ಗಟ್ಟಿಯವರಿಗೇ ಹಾಗಾಯ್ತು. ಪೆಟ್ಟಿಗೇಲಿ ಇರೋದನ್ನ ತೋರಿಸಿದ್ರೂ, ಇವಳೇ ಒಪ್ಪಿದ್ದಳು ಅಂತಾನೆ ಅವನು. ಬಾಗಿಲು ಹಾಕಿತ್ತು ಅಕ್ಕ. ನಾನು ಕೂಗಿದ್ದನ್ನ ಕೇಳಿದೋರು ಯಾರಿದ್ದಾರೆ?’

ಆಮೇಲೆ ನನ್ನ ಮುಖ ನೋಡಿ ಕೇಳಿದಳು, ‘ಅವತ್ತು ಅವರಿಗೆ ನಿಜವಾಗ್ಲೂ ಯಾರೂ ಇರ್ಲಿಲ್ವಾ ಅಕ್ಕ?’

ನಾನು ಲೋಟ ತೊಳೆಯುತ್ತೇನೆಂದು ಎದ್ದೆ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ನನ್ನ ಯಜಮಾನರು, ‘ಯಾಕೆ, ದೆವ್ವ ಹಿಡಿದೋರ ಹಾಗಿದೀಯ’ ಅಂದರು. ಹಿಡಿದು ಹನ್ನೊಂದು ವರ್ಷವಾಯಿತು ಅನ್ನಲಿಲ್ಲ.

ಅವಳು ಇನ್ನು ಪ್ರೆಸ್ಸಿಗೆ ಬರುವುದಿಲ್ಲ. ಚಿಕ್ಕಮ್ಮನ ಊರಿನಲ್ಲಿ ಯಾವುದೋ ಅಂಗಡಿಯಲ್ಲಿ ಕೆಲಸ ನೋಡಿದ್ದಾರೆ. ತಾಯಿ ಅವಳ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿ ಜೋಡಿಸುತ್ತಿದ್ದಾಳೆ. ಅವಳ ಜಾಗಕ್ಕೆ ಇನ್ನೊಬ್ಬಳನ್ನು ತೆಗೆದುಕೊಳ್ಳಲು ಪ್ರೆಸ್ಸಿನ ಮಾಲೀಕರು ನನಗೇ ಹೇಳಿದ್ದಾರೆ.

ನಿನಗೆ, ನಿನ್ನ ಮನೆಯ ದೀಪವಾದ ಮಗುವಿಗೆ ಒಳ್ಳೆಯದಾಗಲಿ. ನನ್ನ ಆಶೀರ್ವಾದಕ್ಕೆ ಬೆಲೆ ಇದೆಯೋ ಇಲ್ಲವೋ, ಇದ್ದಷ್ಟೂ ನಿಮಗೇ.

ನಿನ್ನ
ಅಕ್ಕ

ಮರೆತ ಮಾತು, ಏಪ್ರಿಲ್ ೧೪, ಮಧ್ಯಾಹ್ನ

ಮರೆತದ್ದಲ್ಲ. ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ.

ಸೂಜಿ, ಅವತ್ತು ನಾನು ಅಲ್ಲಿದ್ದೆ. ಊಟಕ್ಕೆ ನಿನ್ನನ್ನು ಕರೆಯಲು ಗೋದಾಮಿನ ತನಕ ಬಂದಿದ್ದೆ. ಬಾಗಿಲು ಒಳಗಿನಿಂದ ಹಾಕಿತ್ತು. ಏನೋ ಬಿದ್ದ ಸದ್ದಾಯಿತು. ನಿನ್ನ ದನಿ ಕೇಳಿತು. ತಟ್ಟಲು ಕೈ ಎತ್ತಿದೆ. ಎತ್ತಿದ ಕೈ ಇಳಿಸಿ, ನಮ್ಮ ಕೋಣೆಗೆ ವಾಪಸು ಬಂದು, ಬಿಟ್ಟ ಕಡೆಯಿಂದ ಹೊಲಿಗೆ ಮುಂದುವರಿಸಿದೆ.

ವಿಚಾರಣೆಯಲ್ಲಿ ನನ್ನನ್ನೂ ಕರೆದು ಕೇಳಿದರು. ‘ನಾನು ಆ ಕಡೆ ಹೋಗೇ ಇಲ್ಲ’ ಅಂದೆ. ಕಟಿಂಗ್ ಮಶೀನಿನಲ್ಲಿ ಎರಡು ಬೆರಳು ಕಳೆದುಕೊಂಡು ನನ್ನ ಯಜಮಾನರು ಮನೆಯಲ್ಲಿ ಕೂತಿದ್ದ ಕಾಲ ಅದು. ಇದು ಕಾರಣ ಎಂದು ಹೇಳುತ್ತಿಲ್ಲ. ಕಾರಣಗಳು ಬೇಕಾದಷ್ಟಿದ್ದವು, ಒಂದೂ ಸಾಲದು. ಮುಂದಿನ ತಿಂಗಳು ನನ್ನನ್ನು ಮೇಲ್ವಿಚಾರಕಿ ಮಾಡಿದರು. ಅವನು ಗೊತ್ತಿದ್ದೇ ನಗುತ್ತಾನೆ. ಅವತ್ತು ನಾನು ಹಿಂತಿರುಗಿ ಹೋಗುವಾಗ ನನ್ನ ಬೆನ್ನನ್ನು ಕಿಟಕಿಯಿಂದ ಕಂಡಿದ್ದನಂತೆ, ಆಮೇಲೆ ಒಂದು ದಿನ ಅವನೇ ಹೇಳಿದ.

ಅದಾದ ಮೇಲೂ ನಾನು ನಿನ್ನ ಪಕ್ಕ ಕೂತು, ನಿನ್ನ ಕೈ ಹಿಡಿದುಕೊಂಡು, ‘ಸಾಕ್ಷಿ ಇಲ್ಲದ ಮೇಲೆ ಏನು ಮಾಡೋದು, ಕಾಗದ ವಾಪಸ್ ತಗೊಂಡ್ಬಿಡು’ ಅಂದೆ. ನೀನು ನನ್ನ ಹೆಗಲ ಮೇಲೆ ಅತ್ತೆ. ‘ಅವಳದೇ ನಿರ್ಧಾರ, ಯಾರೂ ಬಲವಂತ ಮಾಡಲಿಲ್ಲ’ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ನಿನ್ನ ನಿರ್ಧಾರ ಆಗಿರಲಿಲ್ಲ. ಸುಳ್ಳನ್ನು ನಿನ್ನ ಮುಂದಿಟ್ಟು, ಆರಿಸಿಕೋ ಅಂದಿದ್ದೆ.

ಮೊದಲು ನಿನಗೇ ಹೇಳಬೇಕಿತ್ತು. ಆದರೆ ಹದಿನೇಳಕ್ಕೆ ಮೂರೇ ದಿನ. ಅವಳ ನಿರ್ಧಾರವೂ ಅದೇ ಸುಳ್ಳಿನ ಮೇಲೆ ನಿಂತಿತ್ತು. ಇವತ್ತು ಬೆಳಿಗ್ಗೆ ಹೋಗಿ ಎಲ್ಲ ಹೇಳಿದೆ. ತಾಯಿಯೂ ಇದ್ದಳು. ಹುಡುಗಿ ಕೇಳಿದ್ದು ಎರಡೇ ಪ್ರಶ್ನೆ.

‘ಅವರು ಕೂಗಿದ್ರಾ?’

‘ಕೂಗಿದಳು.’

‘ಯಾರನ್ನ?’

‘ನನ್ನನ್ನೇ. ಅಕ್ಕಾ ಅಂತ.’

ತಾಯಿಯೇ ಎದ್ದು ಬಾಗಿಲು ತೆರೆದು ಹಿಡಿದಳು. ಹುಡುಗಿ ನನ್ನ ಕಡೆ ನೋಡದೆ, ‘ಇನ್ಮೇಲೆ ಬರ್ಬೇಡಿ’ ಅಂದಳು. ಅವಳು ಅಕ್ಕ ಅನ್ನದೇ ಇದ್ದದ್ದು ಇದೇ ಮೊದಲ ಸಲ.

ಈಗ ತಾನೇ ಆಸ್ಪತ್ರೆಯಿಂದ ಸಮಾಲೋಚಕಿ ಫೋನು ಮಾಡಿದ್ದಳು. ನಾನು ಹೇಳಿದ್ದು ಹೌದೋ, ಕೇಳಿದರೆ ಪೊಲೀಸರ ಮುಂದೆಯೂ ಹೇಳುತ್ತೇನೋ ಎಂದು ಹುಡುಗಿ ವಿಚಾರಿಸಲು ಹೇಳಿದ್ದಾಳಂತೆ. ಹೇಳುತ್ತೇನೆ ಅಂದೆ. ದೂರು ಕೊಡುತ್ತಾಳೆಯೇ ಎಂದು ಕೇಳಿದೆ. ‘ಅದನ್ನ ನೀವು ಕೇಳ್ಬಾರ್ದು’ ಅಂದಳು. ಫೋನು ಇಟ್ಟಳು.

ನೀನು ಇದಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ. ನಾನು ಕೇಳಿದ್ದನ್ನು, ಮಾಡಿದ್ದನ್ನು, ವಿಚಾರಣೆಯಲ್ಲಿ ಆಡಿದ ಸುಳ್ಳನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ನಕಲು ನನ್ನಲ್ಲಿಲ್ಲ. ಅದನ್ನು ಯಾರಿಗಾದರೂ ಕೊಡುವುದು, ಹರಿದು ಬಿಸಾಡುವುದು, ಅವಳಿಗೆ ಕಳಿಸುವುದು ನಿನಗೆ ಬಿಟ್ಟದ್ದು. ನೀನು ಬೇಡವೆಂದರೆ ನಿನ್ನ ಹೆಸರು ನನ್ನ ಬಾಯಿಂದ ಪೊಲೀಸರ ಮುಂದೂ ಬರುವುದಿಲ್ಲ. ನನಗೆ ಬರೆಯಬೇಡ ಅನ್ನಿಸಿದರೆ ಬರೆಯಬೇಡ. ಕ್ಷಮಿಸು ಎಂದು ಕೇಳಿದರೆ ಅದೂ ನಿನ್ನ ಮೇಲೆ ಹೊರಿಸಿದಂತಾಗುತ್ತದೆ, ಕೇಳುವುದಿಲ್ಲ.

ಯಾರೂ ಇರಲಿಲ್ಲ ಅಂದರಲ್ಲ ಸೂಜಿ, ನಾನಿದ್ದೆ. ನೀನು ಕರೆದದ್ದು ನನಗೆ ಕೇಳಿಸಿತ್ತು.